ಬಿರಡೆ ಬದಲಿಸುವ ಮುನ್ನ

ಪೆಡಲ್ ಸ್ಟೀಲ್ ಗಿಟಾರ್ ಹೆಗಲಿಗೆ ನೇತುಹಾಕುವ ವಾದ್ಯವಲ್ಲ. ಅದು ನಾಲ್ಕು ಕಾಲುಗಳ ಮೇಲೆ ನಿಂತಿರುತ್ತದೆ. ವಾದಕರು ಹಿಂದೆ ಕುಳಿತು ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ಬಲಗೈಯಲ್ಲಿ ಮೀಟುತ್ತಾರೆ. ಇಷ್ಟರಮಟ್ಟಿಗೆ ಇದು ನಮ್ಮ ಚಿತ್ರವೀಣೆಯ ಬಳಗದ್ದೇ. ವೈಣಿಕರು ತಂತಿಯನ್ನು ಪಕ್ಕಕ್ಕೆಳೆದು ಸ್ವರ ಏರಿಸುವ ಕೆಲಸವನ್ನು ಮಾತ್ರ ಇಲ್ಲಿ ಪಾದದ ಪೆಡಲುಗಳೂ ಮೊಣಕಾಲಿನ ಲಿವರುಗಳೂ ಮಾಡುತ್ತವೆ. 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಅಮೆರಿಕದಲ್ಲಿ ಜನಪ್ರಿಯವಾಯಿತು. ಅದರಲ್ಲಿ ಬಡ್ ಐಸಾಕ್ಸ್, ಮೀಟಿದ ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದ್ದರು. ಕಂಟ್ರಿ ಸಂಗೀತ ಆ ನಾದವನ್ನು ಮತ್ತೆ ಬಿಡಲೇ ಇಲ್ಲ.

ತಂತಿಯ ಕಂಪನಾಂಕ ಅದರ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಒಂದು ಪೂರ್ಣ ಸ್ವರ ಏರಬೇಕಾದರೆ ಕಂಪನಾಂಕ ಸುಮಾರು ಶೇ. 12ರಷ್ಟು ಹೆಚ್ಚಬೇಕು, ಅದಕ್ಕೆ ಬಿಗಿತ ಶೇ. 26ರಷ್ಟು ಹೆಚ್ಚಬೇಕಾಗುತ್ತದೆ. ಹತ್ತು ತಂತಿಗಳ ಒಟ್ಟು ಸೆಳೆತ ಕ್ವಿಂಟಲ್ ಮೀರುವ ವಾದ್ಯದಲ್ಲಿ ಈ ಎಳೆತ ಹಾಡಿನುದ್ದಕ್ಕೂ ನಡೆಯುತ್ತಲೇ ಇರುತ್ತದೆ. ಪಾದ ಎತ್ತಿದಾಗಲೆಲ್ಲ ತಂತಿ ಕೂದಲೆಳೆಯೂ ತಪ್ಪದೆ ಮೊದಲಿನ ಜಾಗಕ್ಕೇ ಮರಳಬೇಕು.

1970ರ ದಶಕದ ಷೋ-ಬಡ್ ಕಂಪನಿಯದಂಥ ಹಳೆಯ ವಾದ್ಯದಲ್ಲಿ ಶ್ರುತಿ ನಿಲ್ಲದಿದ್ದರೆ ಕೈ ಮೊದಲು ಹೋಗುವುದು ಬಿರಡೆಗಳತ್ತ. ಪಾಪ, ಅವುಗಳ ತಪ್ಪು ಕಡಿಮೆ. ಬಿರಡೆಯೊಳಗಿನ ತಿರುಪು ಗಿಯರನ್ನು ನಾವು ತಿರುಗಿಸಬಹುದೇ ಹೊರತು ತಂತಿಯ ಸೆಳೆತ ಹಿಂದಕ್ಕೆ ತಿರುಗಿಸಲಾರದು. ಹಲ್ಲು ಸವೆದಿದ್ದರೂ, ತಗ್ಗಿನಿಂದ ಮೇಲಕ್ಕೆ ಏರಿಸುತ್ತ ಶ್ರುತಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ನಾನು ಮೊದಲು ನೋಡುವುದು ಬಿರಡೆಯ ಮುಂದಿರುವ ಪುಟ್ಟ ರೋಲರುಗಳನ್ನು. ಪೆಡಲ್ ಒತ್ತಿದಾಗ ರೋಲರಿನಾಚೆ ಬಿರಡೆಗೆ ಸುತ್ತಿದ ತಂತಿಯೂ ಹಿಗ್ಗುತ್ತದೆ. ಕೊಳೆ ಹಿಡಿದು ರೋಲರ್ ತಿರುಗದಿದ್ದರೆ ಆ ಭಾಗ ಪೂರ್ತಿ ಹಿಂದಿರುಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ರೋಲರ್ ಬಿಚ್ಚಿ ಒರೆಸಿ, ತೆಳು ಎಣ್ಣೆ ಸೋಕಿಸಿ, ಬಿರಡೆಗೆ ಸುತ್ತು ಕಡಿಮೆ ಮಾಡಿದರೆ ಎಷ್ಟೋ ವಾದ್ಯಗಳು ಸರಿಹೋಗುತ್ತವೆ.

ಇನ್ನೊಂದು ತುದಿಯಲ್ಲಿ ಎಳೆಯುವ ಸರಳುಗಳ ಕೊನೆಗೆ ಆರುಮೂಲೆಯ ನೈಲಾನ್ ನಟ್ಟುಗಳಿವೆ. ಬಿರಡೆ ಹೊಂದಿಸುವುದು ಬಿಡಿ ತಂತಿಯ ಸ್ವರವನ್ನು. ಪೆಡಲ್ ಒತ್ತಿದಾಗಿನ ಸ್ವರ ಈ ನಟ್ಟುಗಳ ಪಾಲು. ದಶಕಗಳಲ್ಲಿ ನೈಲಾನ್ ಪೆಡಸಾಗಿ ಬಿರಿಯುತ್ತದೆ, ಒಳಗಿನ ತಿರುಪಿನ ಮರೆ ಜಾರುತ್ತದೆ. ಸರಳಿನ ಮರೆಯ ಅಳತೆ ನೋಡಿಕೊಂಡು ಇವನ್ನು ಹೊಸದಾಗಿಸುವುದೇ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಫಲ ಕೊಡುವ ರಿಪೇರಿ.

ಬಿರಡೆಯಿಂದಾಗಲಿ ನಟ್ಟಿನಿಂದಾಗಲಿ ಗುಣವಾಗದ ದೋಷವೊಂದಿದೆ. ಪೆಡಲಿನ ಬಲಕ್ಕೆ ವಾದ್ಯದ ಮರದೊಡಲೇ ತುಸು ಬಾಗಿ ಉಳಿದ ತಂತಿಗಳು ಸಡಿಲಾಗುತ್ತವೆ. ಇ-ನೈನ್ ಎಂಬ ಶ್ರುತಿ ಜೋಡಣೆಯಲ್ಲಿ ಎ, ಬಿ ಎಂಬ ಪೆಡಲುಗಳು ನಾಲ್ಕನೇ ತಂತಿಯನ್ನು ಮುಟ್ಟುವುದಿಲ್ಲ. ಅವೆರಡನ್ನೂ ಒತ್ತಿ ಆ ತಂತಿ ಮೀಟಿ. ಟ್ಯೂನರಿನ ಮುಳ್ಳು ಕೆಳಗಿಳಿದರೆ ಕಾರಣ ಮರದಲ್ಲಿದೆ.

ಇಷ್ಟಾದ ಮೇಲೂ ಬಿರಡೆ ಬದಲಿಸಲೇಬೇಕೆಂದರೆ 18ಕ್ಕೆ 1ರ ಅನುಪಾತದವು ಒಳ್ಳೆಯವು. ನುಣುಪಾಗಿ, ಸೂಕ್ಷ್ಮವಾಗಿ ತಿರುಗುತ್ತವೆ. ಹಳೆಯ ತೂತುಗಳಿಗೇ ಕೂರುವಂಥವನ್ನೇ ಹುಡುಕಿ. ಬಿರಡೆಯಿಲ್ಲದ ಹೊಸ ಬಗೆಯ ತಲೆ ಹಾಕಿದರೆ ರೋಲರಿನಾಚೆಯ ತಂತಿ ಮೋಟಾಗಿ ಆ ತೊಂದರೆ ಬಹಳಷ್ಟು ತಗ್ಗುತ್ತದೆ, ನಿಜ. ಆದರೆ ಅದಕ್ಕಾಗಿ ಹಳೆಯ ತಲೆಯನ್ನು ಕೊಯ್ಯುವುದಕ್ಕೆ ನನ್ನ ಸಮ್ಮತಿಯಿಲ್ಲ. ಕೊಯ್ದ ಭಾಗವನ್ನು ಮುಂದಿನ ಯಾರೂ ಮರಳಿ ಕೂಡಿಸಲಾರರು. ಬಿಚ್ಚಿದ ಬಿರಡೆಗಳನ್ನು ವಾದ್ಯದ ಪೆಟ್ಟಿಗೆಯಲ್ಲೇ ಇಟ್ಟಿರಿ.