ನಾಣ್ಯದ ಮೇಲಿನ ಸಕುರ: ಒಂದು ದೇಸಿ ಹೂವಿನ ಸಾಹಿತ್ಯಿಕ ಹಿನ್ನೆಲೆ

ಜಪಾನಿನ ನಿತ್ಯವ್ಯವಹಾರದ ನೂರು ಯೆನ್ ನಾಣ್ಯದ ಒಂದು ಮುಖದಲ್ಲಿ ಸಕುರ ಹೂಗಳಿವೆ. 1957ರಲ್ಲಿ ಬೆಳ್ಳಿಯ ಮಿಶ್ರಲೋಹದಲ್ಲಿ ಅಚ್ಚಾಗತೊಡಗಿದ ಈ ನಾಣ್ಯದ ಮೇಲೆ ಮೊದಲು ಫೀನಿಕ್ಸ್ ಪಕ್ಷಿಯೂ 1959ರಿಂದ ಭತ್ತದ ತೆನೆಯೂ ಇದ್ದವು. 1967ರಲ್ಲಿ ಬೆಳ್ಳಿಯನ್ನು ಕೈಬಿಟ್ಟು ತಾಮ್ರ-ನಿಕಲ್ ಮಿಶ್ರಲೋಹವನ್ನು ಬಳಸಿದಾಗ ಸಕುರ ಆ ಸ್ಥಾನವನ್ನು ಪಡೆಯಿತು. ಕನ್ನಡದಲ್ಲಿ ಇದನ್ನು 'ಚೆರ್ರಿ ಹೂ' ಎನ್ನುವ ರೂಢಿಯಿದೆ. ಆ ಅನುವಾದ ಹಣ್ಣಿನತ್ತ ಗಮನ ಸೆಳೆಯುತ್ತದೆ. ಜಪಾನೀ ಕಾವ್ಯಪರಂಪರೆಗೆ ಮುಖ್ಯವಾದುದು ಹೂವು, ಅದರಲ್ಲಿಯೂ ಅದು ಉದುರುವ ಬಗೆ.

ಈ ಹೂವಿಗೆ ಅಗ್ರಸ್ಥಾನ ಮೊದಲಿನಿಂದಲೂ ಇರಲಿಲ್ಲ ಎಂಬುದು ಗಮನಾರ್ಹ. ಎಂಟನೆಯ ಶತಮಾನದ 'ಮನ್‌ಯೋಶು' ಸಂಕಲನದಲ್ಲಿ ಚೀನಾದಿಂದ ಬಂದ 'ಉಮೆ' ಹೂವಿನ ಪದ್ಯಗಳು ಸುಮಾರು 120; ಸಕುರದ ಪದ್ಯಗಳು ಅದರ ಅರ್ಧಕ್ಕೂ ಕಡಿಮೆ. ಸುಮಾರು 905ರ 'ಕೊಕಿನ್‌ಶು' ಸಂಕಲನದ ವಸಂತಭಾಗದಲ್ಲಿ ಈ ಸ್ಥಿತಿ ತಿರುವುಮುರುವಾಗಿದೆ. ಮುಂದೆ 'ಹನ' (ಹೂವು) ಎಂದಷ್ಟೇ ಹೇಳಿದರೂ ಸಕುರ ಎಂದೇ ಅರ್ಥವಾಗತೊಡಗಿತು. ನಮ್ಮಲ್ಲಿ 'ಹೂ ಮುಡಿದಳು' ಎಂದಾಗ ಮಲ್ಲಿಗೆ ನೆನಪಾಗುವಂತೆ. ಅರಮನೆಯ ಅಂಗಳದ ಉಮೆ ಮರದ ಜಾಗಕ್ಕೆ ಸಕುರ ಬಂದುದು ಚಕ್ರವರ್ತಿ ನಿನ್‌ಮ್ಯೋನ (833-850) ಕಾಲದಲ್ಲಿ ಎಂದು ಹೇಳುವುದುಂಟು. ಅದು ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ರೂಪುಗೊಂಡ ಶತಮಾನವೂ ಹೌದು. ಎರಡರ ನಡುವೆ ಸಂಬಂಧವನ್ನು ಕಲ್ಪಿಸಲಾಗದು. ಆದರೆ ಹಿರಿಯ ಭಾಷೆಯೊಂದರ ಎದುರು ತನ್ನ ನುಡಿಯ ಕಾವ್ಯಕ್ಕೆ ನೆಲೆ ಹುಡುಕುವ ಪ್ರಶ್ನೆ ಎರಡೂ ಕಡೆ ಇತ್ತು.

ಹಾಗೆಂದು ಇದನ್ನು ಮಾರ್ಗವನ್ನು ದೇಸಿ ಗೆದ್ದ ಕಥೆಯೆಂದು ಸರಳಗೊಳಿಸುವಂತಿಲ್ಲ. 'ಮನ್‌ಯೋಶು'ವಿನಲ್ಲಿ ಅತಿ ಹೆಚ್ಚು ಪದ್ಯಗಳನ್ನು ಪಡೆದ ಸಸ್ಯ ಉಮೆಯೂ ಅಲ್ಲ, 'ಹಗಿ' ಎಂಬ ಪೊದೆಗಿಡ, ಅದೂ ದೇಸಿಯೇ. ಅದು ನೂರು ಯೆನ್ ನಾಣ್ಯಕ್ಕೆ ಏರಲಿಲ್ಲ. ದೇಸಿತನವೊಂದೇ ಹೂವನ್ನು ರಾಷ್ಟ್ರದ ಸಂಕೇತವಾಗಿಸುವುದಿಲ್ಲ. ಆಯ್ಕೆ, ಅಧಿಕಾರಗಳೂ ಬೇಕು.

ಆಧುನಿಕ ಕಾಲದಲ್ಲಿ ಇದರ ಕಠೋರ ಮುಖವೂ ಕಾಣುತ್ತದೆ. ಉದುರುವ ಎಸಳಿನ ಹಳೆಯ ರೂಪಕವನ್ನು ಪ್ರಭುತ್ವವು ಸೈನಿಕನ ಸಾವಿಗೆ ಅನ್ವಯಿಸಿತು. 1945ರಲ್ಲಿ ಯುದ್ಧಕ್ಕಿಳಿದ ಆತ್ಮಾಹುತಿ ವಿಮಾನದ ಹೆಸರು 'ಓಕ'; ಅರ್ಥ, ಸಕುರ ಹೂವು. ಅದೇ ಹೂವು ಇಪ್ಪತ್ತೆರಡು ವರ್ಷಗಳ ಅನಂತರ ಅಂಗಡಿಯ ಚಿಲ್ಲರೆಯಾಗಿ ಜನರ ಕೈಸೇರಿತು. ಆ ಮೊದಲ ನಾಣ್ಯಗಳ ಹಿಂಬದಿಯ ವರ್ಷ ಷೋವಾ 42. ವಿಮಾನ ಹಾರಿದ್ದು ಷೋವಾ 20ರಲ್ಲಿ, ಅದೇ ಚಕ್ರವರ್ತಿಯ ಆಳ್ವಿಕೆಯಲ್ಲಿ.