ಬೀಡಿಯ ಮೊರ ಬದಿಗಿಟ್ಟ ಮೇಲೆ

ಬೀಡಿ ಕಟ್ಟುತ್ತಲೇ 60 ದಾಟಿದ ಮಧುಮೇಹಿಗಳ ವ್ಯಾಯಾಮ ಎಲ್ಲಿಂದ ಆರಂಭವಾಗಬೇಕು?

ವಿಟ್ಲದ ಸುತ್ತಮುತ್ತ ಮೊರವನ್ನು ಮಡಿಲಲ್ಲಿಟ್ಟು ಗಂಟೆಗಟ್ಟಲೆ ದುಡಿಯುವ ಮಹಿಳೆಯರ
ಬೆರಳುಗಳಿಗೆ ಬಿಡುವೇ ಇಲ್ಲವಾದರೂ,
ದೊಡ್ಡ ಸ್ನಾಯುಗಳಿರುವ ತೊಡೆ ಮಾತ್ರ
ಬಹುತೇಕ ನಿಶ್ಚಲವಾಗಿರುತ್ತದೆ.

ರಕ್ತದ ಸಕ್ಕರೆಯನ್ನು ಜೀವಕೋಶಕ್ಕೆ ಸೇರಿಸುವ ಹಾರ್ಮೋನಾದ ಇನ್ಸುಲಿನ್‌ಗೆ
ದೇಹ ಸರಿಯಾಗಿ ಸ್ಪಂದಿಸದಿದ್ದಾಗಲೂ,
ಅಡಿಕೆ ತೋಟದ ದೊಡ್ಡ ಕಣಿಗೆ ಸೋಗೆ ಅಡ್ಡಬಿದ್ದರೆ ನೀರು ಪಕ್ಕದ ಕಣಿ ಹಿಡಿಯುವಂತೆ,
ದುಡಿಯುವ ಸ್ನಾಯು ಸಕ್ಕರೆಯನ್ನು ಬೇರೆ ದಾರಿಯಿಂದ ಎಳೆದುಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷ ಮೊದಲ ದಿನದ ಗುರಿಯಲ್ಲ;
ಊಟದ ಬಳಿಕ 10 ನಿಮಿಷದ ನಡಿಗೆ,
ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ,
ಆರಂಭಕ್ಕೆ ಇಷ್ಟು ಸಾಕು.
ಮಳೆಗಾಲದ ಪಾಚಿಗಟ್ಟಿದ ಅಂಗಳಕ್ಕಿಂತ ಜಗಲಿಯೇ ಮೇಲು.

ಇನ್ಸುಲಿನ್ ಪಡೆಯುವವರಲ್ಲಿ ಸಕ್ಕರೆ ಕುಸಿದು ನಡುಕ, ಬೆವರು ಕಾಣಿಸಬಹುದಾದ್ದರಿಂದ
ವೈದ್ಯರ ಸಲಹೆ ಮೊದಲು;
ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬರಿಗಾಲಿನ ನಡಿಗೆ ಸಲ್ಲದು.