ಮಾಣಿಯ ಪಾಲೆಷ್ಟು?

ಹೈದರಾಬಾದಿನಿಂದ ಮುಂಬೈ ಕಡೆಗೆ ಹೊರಟ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ನಗರ ಮುಗಿಯಿತು ಅನ್ನುವಷ್ಟರಲ್ಲಿ ಸಿಗುವ ಊರು ಪಟಾನ್‌ಚೆರು. ಜಹೀರಾಬಾದ್ ದಾಟಿ ಬರುವ ಬೀದರ್, ಹುಮನಾಬಾದ್ ಕಡೆಯವರಿಗೆ ಹೈದರಾಬಾದಿನ ಹೆಬ್ಬಾಗಿಲು. ಇಲ್ಲಿ ಕೈಗಾರಿಕಾ ವಸಾಹತಿನ ಕಾರ್ಮಿಕರಿದ್ದಾರೆ, ಲಾರಿ ಚಾಲಕರಿದ್ದಾರೆ, 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಗೆ ಬರುವ ವಿದೇಶಿ ವಿಜ್ಞಾನಿಗಳೂ ಇದ್ದಾರೆ. ಒಂದೇ ಬಿರಿಯಾನಿ ಹೋಟೆಲಿನಲ್ಲಿ ಉಂಡರೂ ಇವರೆಲ್ಲ ಸೋಂಪಿನ ತಟ್ಟೆಯಲ್ಲಿ ಬಿಟ್ಟೇಳುವ ಟಿಪ್ಸ್ ಒಂದೇ ಆಗಿರುವುದಿಲ್ಲ. ಅಮೆರಿಕದಿಂದ ಬಂದವರ ಲೆಕ್ಕ ಶೇಕಡಾ 15, 20ರಿಂದ ಶುರುವಾದರೆ, ಬೀದರಿನವರ ಕೈ ಹತ್ತು, ಇಪ್ಪತ್ತು ರೂಪಾಯಿಯ ನೋಟಿನ ಕಡೆ ಹೋಗುತ್ತದೆ.

ಇದರಲ್ಲಿ ಜಿಪುಣತನವಾಗಲಿ ಧಾರಾಳತನವಾಗಲಿ ಇಲ್ಲ. ಅಮೆರಿಕದ ಕೇಂದ್ರ ಕಾನೂನು ಟಿಪ್ಸ್ ಪಡೆಯುವ ಕೆಲಸಗಾರರಿಗೆ ಗಂಟೆಗೆ ಬರೀ 2.13 ಡಾಲರ್ ನಗದು ಕೂಲಿ ಕೊಟ್ಟರೂ ಸಾಕು ಅನ್ನುತ್ತದೆ. 1991ರಿಂದ ಈ ಮೊತ್ತ ಏರಿಲ್ಲ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ಉಳಿದೆಡೆ ಗಿರಾಕಿಯ ಟಿಪ್ಸೇ ಸಂಬಳದ ದೊಡ್ಡ ಪಾಲು. ಭಾರತದಲ್ಲಿ ಹಾಗಿಲ್ಲ. ಟಿಪ್ಸ್ ಬರುತ್ತದೆಂದು ಮಾಣಿಯ ಕನಿಷ್ಠ ವೇತನವನ್ನು ಇಳಿಸಲು ಇಲ್ಲಿ ಅವಕಾಶವಿಲ್ಲ. ಟಿಪ್ಸ್ ಮಾಲೀಕ ಕೊಡುವ ಸಂಬಳವಲ್ಲ, ಗಿರಾಕಿ ತಾನಾಗಿ ಕೊಡುವ ಹಣ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಐಟಿಸಿ ಹೋಟೆಲುಗಳ ತೆರಿಗೆ ಪ್ರಕರಣದಲ್ಲಿ ಹೇಳಿತು. ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲಿನವರೇ ನೌಕರರಿಗೆ ಹಂಚಿದರೂ ಅದು ಸಂಬಳವಾಗದು.

ಹಾಗಾಗಿ ಎಷ್ಟು ಕೊಡಬೇಕೆಂದು ಯೋಚಿಸುವ ಮೊದಲು ಬಿಲ್ ಓದಬೇಕು.

1,200 ರೂಪಾಯಿಯ ಊಟಕ್ಕೆ ಶೇಕಡಾ 5ರ ಜಿಎಸ್‌ಟಿ 60 ರೂಪಾಯಿ, ಒಟ್ಟು 1,260. ಈ ತೆರಿಗೆ ಸರ್ಕಾರದ್ದು. ನಡುವೆ ಶೇಕಡಾ 10ರ 'ಸರ್ವೀಸ್ ಚಾರ್ಜ್' ನುಸುಳಿದರೆ 120 ರೂಪಾಯಿ ಸೇರುತ್ತದೆ, ಅದರ ಮೇಲೂ ಜಿಎಸ್‌ಟಿ ಬೀಳುತ್ತದೆ, ಮೊತ್ತ 1,386ಕ್ಕೆ ಏರುತ್ತದೆ. ಹೆಚ್ಚಾದ 126 ರೂಪಾಯಿಯಲ್ಲಿ ಮಾಣಿಗೆ ಸಿಕ್ಕಿದ್ದೆಷ್ಟು ಎಂಬುದು ಬಿಲ್ಲಿನಲ್ಲಿ ಇರುವುದಿಲ್ಲ.

ಈ ಶುಲ್ಕವನ್ನು ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲಿ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಮಾರ್ಗಸೂಚಿಯನ್ನೇ ಎತ್ತಿಹಿಡಿದು, ಎರಡು ಸಂಘಗಳಿಗೂ ತಲಾ ಒಂದು ಲಕ್ಷ ರೂಪಾಯಿ ದಂಡವೆಚ್ಚ ವಿಧಿಸಿದರು. ಸಂಘಗಳು ಮೇಲ್ಮನವಿ ಸಲ್ಲಿಸಿವೆ. ಆದರೆ ಗಿರಾಕಿ ಸಂತೋಷದಿಂದ ಟಿಪ್ಸ್ ಕೊಡುವುದಕ್ಕೆ ಆ ತೀರ್ಪಿನ ಅಡ್ಡಿಯಿಲ್ಲ.

ಕೊಡುವುದಾದರೆ ಎಷ್ಟು? ಕೂಪನ್ ಪಡೆದು ನಿಂತೇ ತಿನ್ನುವ ದರ್ಶಿನಿಯಲ್ಲಿ, ಟಿಫಿನ್ ಸೆಂಟರಿನಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ಕೂತಲ್ಲಿಗೆ ಸಾಂಬಾರು, ಚಟ್ನಿ ಮತ್ತೆ ಮತ್ತೆ ತಂದು ಬಡಿಸುವ ಉಡುಪಿ ಹೋಟೆಲಿನಲ್ಲಿ ಉಳಿದ ಚಿಲ್ಲರೆ ಅಥವಾ ಹತ್ತಿಪ್ಪತ್ತು ರೂಪಾಯಿ ವಾಡಿಕೆ. ಎಸಿ ಹಾಲಿನಲ್ಲಿ ಬಿಲ್ಲಿನ ಶೇಕಡಾ 5ರಿಂದ 10 ಕೊಟ್ಟರೆ ಯಾರೂ ಮುಖ ಸಿಂಡರಿಸುವುದಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದ್ದು ಜಿಎಸ್‌ಟಿ ಸೇರುವ ಮುಂಚಿನ ಮೊತ್ತ. ಶೇಕಡಾವಾರು ಲೆಕ್ಕಕ್ಕೂ ಮಿತಿಯಿದೆ: ಎರಡು ಇಡ್ಲಿಗೂ ಒಂದು ಮಟನ್ ಬಿರಿಯಾನಿಗೂ ಮಾಣಿ ನಡೆಯುವ ದೂರ ಅಷ್ಟೇ. ಹತ್ತು ಜನರ ಕುಟುಂಬ ಎರಡು ತಾಸು ಕೂತು ಮಕ್ಕಳು ಚೆಲ್ಲಿದ್ದನ್ನೆಲ್ಲ ಒರೆಸಿಸಿಕೊಂಡರೆ ಬಿಲ್ ಚಿಕ್ಕದಿದ್ದರೂ ಕೈ ದೊಡ್ಡದಾಗಬೇಕು.

ಗಲ್ಲಾದ ಮುಂದಿನ ಕ್ಯೂಆರ್ ಕೋಡ್ ಇದಕ್ಕೊಂದು ಹೊಸ ತೊಡಕು ತಂದಿದೆ. ಸ್ಕ್ಯಾನ್ ಮಾಡಿದ ದುಡ್ಡು ಮಾಲೀಕರ ಖಾತೆಗೆ ಹೋಗುತ್ತದೆ, ಚಿಲ್ಲರೆಯ ತಟ್ಟೆ ಮೇಜಿಗೆ ಬರುವುದೇ ಇಲ್ಲ. ಟಿಪ್ಸನ್ನು ಬಿಲ್ಲಿಗೆ ಸೇರಿಸಿ ಕೊಡುವವರು, ಅದು ಬಡಿಸಿದವರಿಗೆ ಹೋಗುತ್ತದೆಯೋ, ಮೇಜು ಒರೆಸುವ ಹುಡುಗರಿಗೂ ಹಂಚಿಕೆಯಾಗುತ್ತದೆಯೋ ಎಂದು ವಿಚಾರಿಸಬಹುದು. ಸರಿಯಾದ ಉತ್ತರ ಬರದಿದ್ದರೆ ನಗದನ್ನು ನೇರವಾಗಿ ಕೈಗೇ ಕೊಡಬಹುದು. ಬೇಡವೆಂದರೂ ಸರ್ವೀಸ್ ಚಾರ್ಜ್ ತೆಗೆಯದ ಹೋಟೆಲಿನ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.